ಸಸಿಗೆ ಗಾಜಿನ ಪೆಟ್ಟಿಗೆ, ಮರಕ್ಕೆ ಕೊಳವೆ

ಮಾರ್ಚ್ ಬಂತೆಂದರೆ ನಮ್ಮಲ್ಲಿ ಸಸಿಮಡಿಗಳ ಮೇಲೆ ತೆಂಗಿನ ಗರಿಯ ಚಪ್ಪರ ಏಳುತ್ತದೆ. ಎಳೆಯ ಸಸಿಗೆ ಬಿಸಿಲೇ ಶತ್ರು. ಅದೇ ತಿಂಗಳಲ್ಲಿ ಇಂಗ್ಲೆಂಡಿನ ಹಿತ್ತಲುಗಳಲ್ಲಿ ಇದಕ್ಕೆ ತದ್ವಿರುದ್ಧವಾದ ಕೆಲಸ ನಡೆದಿರುತ್ತದೆ. ಅಲ್ಲಿ ಶತ್ರು ಚಳಿ. ಸಿಕ್ಕಷ್ಟು ಬಿಸಿಲನ್ನು ಹಿಡಿದಿಡುವುದೇ ತೋಟಗಾರನ ಚಿಂತೆ. ಅದಕ್ಕೆ ಅವನು ಬಳಸುವ ಸಾಧನವೇ ‘ಕೋಲ್ಡ್ ಫ್ರೇಮ್’.

ಇದೊಂದು ತಳವಿಲ್ಲದ ಪೆಟ್ಟಿಗೆ. ಹಲಗೆಯದೋ ಇಟ್ಟಿಗೆಯದೋ ನಾಲ್ಕು ಗೋಡೆ, ಮೇಲೆ ಗಾಜಿನ ಮುಚ್ಚಳ. ಹಿಂದಿನ ಗೋಡೆ ಎತ್ತರ, ಮುಂದಿನದು ತಗ್ಗು. ಇದರಿಂದ ಮುಚ್ಚಳ ದಕ್ಷಿಣಕ್ಕೆ ವಾಲಿ ನಿಲ್ಲುತ್ತದೆ. ಆ ದೇಶದಲ್ಲಿ ನಡುಹಗಲ ಸೂರ್ಯ ಯಾವಾಗಲೂ ದಕ್ಷಿಣದಲ್ಲೇ ಇರುತ್ತಾನಲ್ಲ! ಒಳಗೆ ಒಲೆಯಿಲ್ಲ, ಹೀಟರಿಲ್ಲ. ಹೆಸರಿನಲ್ಲಿ ‘ಕೋಲ್ಡ್’ ಇರುವುದು ಅದಕ್ಕೇ.

ಹಾಗಾದರೆ ಶಾಖ ಎಲ್ಲಿಂದ? ಬೆಳಕು ಗಾಜನ್ನು ಸುಲಭವಾಗಿ ದಾಟಿ ಮಣ್ಣನ್ನು ಕಾಯಿಸುತ್ತದೆ. ಕಾದ ಮಣ್ಣು ಹೊರಸೂಸುವ ಅವಕೆಂಪು ಕಿರಣಗಳಿಗೆ ಗಾಜು ಅಡ್ಡಿ. ಅದಕ್ಕಿಂತ ಮುಖ್ಯವಾಗಿ, ಬಿಸಿಯಾದ ಗಾಳಿ ಮೇಲೆದ್ದು ಹೋಗಲು ಮುಚ್ಚಳ ಬಿಡುವುದಿಲ್ಲ. ಹೊರಗೆ ಹಿಮ ಬೀಳುವ ಭಯವಿದ್ದರೂ ಒಳಗೆ ಲೆಟ್ಯೂಸ್, ಎಲೆಕೋಸು, ಮೂಲಂಗಿ ಚಿಗುರುತ್ತವೆ.

ಆದರೆ ಬಿಸಿಲೇರಿದಾಗ ಮುಚ್ಚಳ ತೆರೆಯಲು ಮರೆತರೆ ಸಸಿಗಳು ಬೆಂದುಹೋಗುತ್ತವೆ. ನೆಡುವ ಮುನ್ನ ಒಂದೆರಡು ವಾರ ಮುಚ್ಚಳವನ್ನು ದಿನದಿನಕ್ಕೂ ಹೆಚ್ಚು ಹೊತ್ತು ತೆರೆದಿಟ್ಟು ಹೊರಗಿನ ಗಾಳಿ, ಚಳಿಗಳನ್ನು ಅಭ್ಯಾಸ ಮಾಡಿಸಬೇಕು. ಈ ಹಂತವನ್ನು ಬಿಟ್ಟು ನೇರವಾಗಿ ಬಯಲಿಗೆ ನೆಟ್ಟರೆ ಸಸಿ ಸೊರಗುತ್ತದೆ.

ಬೋಳಾದ ನಾಡಿಗೆ ಮತ್ತೆ ಹಸಿರು

ತರಕಾರಿ ಸಸಿಗೆ ಬೇಕಾದ ಆಸರೆ ಮರದ ಸಸಿಗೂ ಬೇಕು. ಶತಮಾನಗಳ ಕಾಲ ಕಾಡು ಕಡಿಯುತ್ತ ಬಂದ ಬ್ರಿಟನ್ನಿನಲ್ಲಿ ಮೊದಲನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಉಳಿದದ್ದು ನೆಲದ ಶೇಕಡಾ 5ರಷ್ಟು ಕಾಡು ಮಾತ್ರ. 1919ರಲ್ಲಿ ಸರ್ಕಾರ ಅರಣ್ಯ ಆಯೋಗವನ್ನು ಸ್ಥಾಪಿಸಿತು. 1926ರಲ್ಲಿ ಉತ್ತರ ಇಂಗ್ಲೆಂಡಿನ ಕೀಲ್ಡರ್‌ನಲ್ಲಿ ನೆಡುವ ಕೆಲಸ ಆರಂಭವಾಯಿತು. ಬೇಗ ಬೆಳೆಯುವ ಸ್ಪ್ರೂಸ್ ಮರಗಳು ಬೆಟ್ಟಗಳನ್ನು ತುಂಬಿದವು. ಇಂದು ಬ್ರಿಟನ್ನಿನ ಕಾಡು ಸುಮಾರು ಶೇಕಡಾ 13.

ನಾಡಿನ ಸ್ವಂತ ಮರವಾದ ಓಕ್‌ನ ಕಥೆ ಬೇರೆ. ಅದು ನಿಧಾನವಾಗಿ ಬೆಳೆಯುವ ಮರ. ಅದರ ಎಳೆ ಚಿಗುರೆಂದರೆ ಜಿಂಕೆ, ಮೊಲಗಳಿಗೆ ಪ್ರಾಣ. ಅರಣ್ಯ ಆಯೋಗದ ಗ್ರಹಾಂ ಟೂಲಿ 1979ರಲ್ಲಿ ಇದಕ್ಕೊಂದು ಉಪಾಯ ಹೂಡಿದರು. ಪ್ರತಿ ಸಸಿಯ ಸುತ್ತ, ಬೆಳಕು ಹಾಯುವ ಪ್ಲಾಸ್ಟಿಕ್ ಕೊಳವೆಯೊಂದನ್ನು ನಿಲ್ಲಿಸಿದರು. ಪ್ರಾಣಿಗಳ ಬಾಯಿ ತಪ್ಪಿತು. ಒಳಗಿನ ಬೆಚ್ಚನೆಯ, ತೇವದ ಗಾಳಿಯಲ್ಲಿ ಸಸಿ ಸರಸರನೆ ಎತ್ತರಕ್ಕೂ ಬೆಳೆಯಿತು. ಒಂದೊಂದು ಗಿಡಕ್ಕೂ ಒಂದೊಂದು ಪುಟ್ಟ ಕೋಲ್ಡ್ ಫ್ರೇಮ್ ಸಿಕ್ಕಂತಾಯಿತು!

ಆಸರೆಯೂ ಹೊರೆಯಾದಾಗ

ಉಪಾಯ ಗೆದ್ದಿತು, ಜೊತೆಗೆ ತೊಡಕುಗಳೂ ಬಂದವು. ಕೊಳವೆಯೊಳಗೆ ಗಾಳಿಯ ಬಡಿತವಿಲ್ಲ. ಗಾಳಿಗೆ ತೂಗಾಡಿದಷ್ಟೂ ಕಾಂಡ ದಪ್ಪವಾಗುತ್ತದೆ. ತೂಗಾಡದ ಗಿಡ ಉದ್ದಕ್ಕೆ, ಸಪೂರಕ್ಕೆ ಬೆಳೆಯುತ್ತದೆ. ಕಾಂಡ ಬಲಿಯುವ ಮೊದಲೇ ಕೊಳವೆ ತೆಗೆದರೆ ಬಾಗಿ ಬೀಳಬಹುದು. ತೆಗೆಯದೇ ಬಿಟ್ಟರೆ ಇನ್ನೊಂದು ಕಷ್ಟ. ಬಿಸಿಲಿಗೆ ಪುಡಿಯಾದ ಪ್ಲಾಸ್ಟಿಕ್ ಕರಗಿಹೋಗುವುದಿಲ್ಲ, ಚೂರುಚೂರಾಗಿ ಕಾಡಿನ ಮಣ್ಣು ಸೇರುತ್ತದೆ. ನೆಟ್ಟವರು ನೆಟ್ಟು ಹೋದರು, ಕೊಳವೆ ಬಿಚ್ಚಲು ಮರಳಿ ಬಂದವರು ಕಡಿಮೆ. ಕಾಡು ಬೆಳೆಸುವ ‘ವುಡ್‌ಲ್ಯಾಂಡ್ ಟ್ರಸ್ಟ್’ ಸಂಸ್ಥೆ ತನ್ನ ನೆಲದಲ್ಲಿ ಇಂಥ ಪ್ಲಾಸ್ಟಿಕ್ ಕೊಳವೆಗಳ ಬಳಕೆಯನ್ನು ನಿಲ್ಲಿಸುವುದಾಗಿ 2021ರಲ್ಲಿ ಪ್ರಕಟಿಸಿತು. ರಟ್ಟು, ಉಣ್ಣೆಗಳಿಂದ ಮಾಡಿದ ಕೊಳವೆಗಳ ಪ್ರಯೋಗವೂ ನಡೆದಿದೆ.

ವನಮಹೋತ್ಸವದ ದಿನ ಸಸಿ ನೆಟ್ಟು ಫೋಟೋ ತೆಗೆಸಿಕೊಳ್ಳುವ ನಮಗೂ ಇಲ್ಲಿ ಪಾಠವಿದೆ. ನೆಡುವುದು ಒಂದು ದಿನದ ಕೆಲಸ. ಆಸರೆ ಕೊಡುವುದು, ಹೊತ್ತರಿತು ಅದನ್ನು ತೆಗೆಯುವುದು ವರ್ಷಗಳ ಕೆಲಸ.

ವಿದ್ಯಾರ್ಥಿಗಳು ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಎರಡು ಕುಂಡಗಳಲ್ಲಿ ಹುರುಳಿಕಾಯಿ ಬೀಜ ಬಿತ್ತಿ. ಒಂದರ ಕಾಂಡವನ್ನು ದಿನಕ್ಕೆರಡು ಬಾರಿ, ಹತ್ತಿಪ್ಪತ್ತು ಸಲ, ಬೆರಳಿನಿಂದ ಮೆಲ್ಲನೆ ಸವರಿ. ಇನ್ನೊಂದನ್ನು ಮುಟ್ಟಬೇಡಿ. ನೀರು, ಬೆಳಕು ಎರಡಕ್ಕೂ ಸಮನಾಗಿರಲಿ. ಮೂರು ವಾರಗಳ ನಂತರ ಎರಡರ ಎತ್ತರವನ್ನೂ ಕಾಂಡದ ದಪ್ಪವನ್ನೂ ಅಳೆದು ನೋಡಿ. ಗಟ್ಟಿಯಾದದ್ದು ಯಾವುದು? ಉತ್ತರ ಸಿಕ್ಕಾಗ ಅಪ್ಪ ಅಮ್ಮನನ್ನೂ ಕರೆದು ತೋರಿಸಿ. ಅವರಿಗೂ ಅದರಿಂದ ಪ್ರಯೋಜನವುಂಟು.