ಹಂಸದ ಗುರುತಿನ ಅಂಗಡಿ

ಅಕಾಲದಲ್ಲಿ ನಂಟರು ಬಂದು ಮನೆಯಲ್ಲಿ ಹಾಲು ಇಲ್ಲದೆ ಹೋದರೆ ಗೃಹಿಣಿಗೆ ಉಂಟಾಗುವ ಸಂಕಟವನ್ನು ನಾವು ಈ ಪತ್ರಿಕೆಯ ವಾಚಕರಿಗೆ ವರ್ಣಿಸಿ ಹೇಳಬೇಕಾದುದಿಲ್ಲ. ಪಾತ್ರೆಯನ್ನು ಕೊಟ್ಟು ಹುಡುಗನನ್ನು ನೆರೆಮನೆಗೆ ಓಡಿಸುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಪರಿಹಾರ. ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಈ ಸಂಕಟವನ್ನೇ ಬಂಡವಾಳ ಮಾಡಿಕೊಂಡು ಒಂದು ಜಾತಿಯ ಅಂಗಡಿಗಳು ಬೆಳೆದಿವೆ. ಬೆಳಗ್ಗೆ ಬಹು ಬೇಗನೆ ತೆರೆದು ರಾತ್ರಿ ಬಹಳ ಹೊತ್ತಿನವರೆಗೆ, ಅನೇಕ ಕಡೆ ಹಗಲಿರುಳೂ, ಹಾಲು, ರೊಟ್ಟಿ, ಮೊಟ್ಟೆ, ಕಾಫಿ ಮೊದಲಾದುವನ್ನು ಮಾರುವ, ಅಂಗಳದಲ್ಲಿ ಮೋಟಾರು ಗಾಡಿಗಳಿಗೆ ಪೆಟ್ರೋಲು ತುಂಬುವ ಪಂಪುಗಳನ್ನೂ ಉಳ್ಳ ಈ ಮಳಿಗೆಗಳನ್ನು ಅಲ್ಲಿಯ ಜನರು ‘ಕನ್ವೀನಿಯೆನ್ಸ್ ಸ್ಟೋರ್’, ಎಂದರೆ ಅನುಕೂಲದ ಅಂಗಡಿ, ಎಂದು ಕರೆಯುತ್ತಾರೆ.

ಇವುಗಳಲ್ಲಿ ಕೆಲವು ದೇಶವನ್ನೆಲ್ಲ ವ್ಯಾಪಿಸಿದುವು. ಮತ್ತೆ ಕೆಲವು ಒಂದೊಂದು ಸೀಮೆಗೆ ಸೇರಿದುವು. ಸೀಮೆಯ ಅಂಗಡಿಗಳ ವಿಷಯದಲ್ಲಿ ಆಯಾ ಜನರಿಗೆ ಇರುವ ಅಭಿಮಾನವು ನಮ್ಮೂರಿನ ಹಳೆಯ ಹೋಟೆಲಿನ ದೋಸೆಯ ವಿಷಯದಲ್ಲಿ ನಮಗಿರುವ ಅಭಿಮಾನದಂಥದು. ಫಿಲಡೆಲ್ಫಿಯಾ ನಗರದ ಸುತ್ತಣ ಸೀಮೆಯಲ್ಲಿ ಹುಟ್ಟಿದ ‘ವಾವಾ’ ಎಂಬ ಅಂಗಡಿಗಳ ಚರಿತ್ರೆಯನ್ನು ಈ ತಿಂಗಳು ಹೇಳಬೇಕೆಂದು ನಾವು ಉದ್ದೇಶಿಸಿದ್ದೇವೆ. ನ್ಯೂಜರ್ಸಿಯಲ್ಲಿಯೋ ಪೆನ್ಸಿಲ್ವೇನಿಯದಲ್ಲಿಯೋ ಮಕ್ಕಳನ್ನೂ ಮೊಮ್ಮಕ್ಕಳನ್ನೂ ಉಳ್ಳ ವಾಚಕರು ಈ ಹೆಸರನ್ನು ಕೇಳಿಯೇ ಇರುವರು.

ಈ ಮನೆತನದ ಆದಿ ಹಾಲಿನಲ್ಲಿ ಇಲ್ಲ, ಕಬ್ಬಿಣದಲ್ಲಿ ಇದೆ. 1803ನೆಯ ಇಸವಿಯಲ್ಲಿ ನ್ಯೂಜರ್ಸಿಯ ಮಿಲ್‌ವಿಲ್ ಎಂಬ ಊರಿನಲ್ಲಿ ವುಡ್ ಎಂಬ ಮನೆತನದವರು ಕಬ್ಬಿಣದ ಎರಕದ ಕಾರ್ಖಾನೆಯೊಂದನ್ನು ಸ್ಥಾಪಿಸಿದರು. ಬಳಿಕ ಬಟ್ಟೆಯ ಗಿರಣಿಯನ್ನೂ ಹಾಕಿದರು. ನಗರಗಳ ನೀರು ಸರಬರಾಜಿಗೆ ಬೇಕಾದ ಎರಕದ ಕೊಳವೆಗಳನ್ನು ಮಾಡುವುದರಲ್ಲಿ ಈ ಮನೆತನಕ್ಕೆ ಒಳ್ಳೆಯ ಹೆಸರು ಬಂದಿತು. ಮೊದಲು ನೀರಿಗೆ ಕೊಳವೆಯನ್ನು ಎರೆದವರ ಮನೆಯಲ್ಲಿಯೇ ಮುಂದೆ ನೀರು ಬೆರೆಸದ ಹಾಲು ಬೇಕೆಂಬ ಹಟ ಹುಟ್ಟಿತೆಂಬುದು ವಿನೋದದ ಸಂಗತಿ.

ಆ ಹಟಕ್ಕೆ ಕಾರಣವಿಲ್ಲದೆ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ದೊಡ್ಡ ನಗರಗಳ ಹಾಲಿನ ಸ್ಥಿತಿಯನ್ನು ಓದಿದರೆ ಎದೆ ನಡುಗುತ್ತದೆ. ಸಾರಾಯಿಯ ಭಟ್ಟಿಗಳ ಪಕ್ಕದಲ್ಲಿಯೇ ಹಸುಗಳನ್ನು ಕಟ್ಟಿ, ಭಟ್ಟಿಯಿಂದ ಉಳಿದ ಕಸರನ್ನೇ ಅವಕ್ಕೆ ಮೇವಾಗಿ ಹಾಕುತ್ತಿದ್ದರು. ಬಂದ ತೆಳು ಹಾಲಿಗೆ ನೀರನ್ನೂ, ಬಣ್ಣ ಕೆಡದಿರಲೆಂದು ಸೀಮೆಸುಣ್ಣವನ್ನೂ ಬೆರೆಸುವವರಿದ್ದರು. ಬೇಸಗೆ ಬಂದಿತೆಂದರೆ ಭೇದಿಯ ರೋಗಗಳಿಂದ ಎಳೆಯ ಕೂಸುಗಳು ಸಾಯುತ್ತಿದ್ದುವು. ಆ ಮರಣಗಳಲ್ಲಿ ಕೆಟ್ಟ ಹಾಲಿನ ಪಾಲು ದೊಡ್ಡದು. ಎದೆಹಾಲು ಸಾಲದ ತಾಯಿ ತನ್ನ ಕೈಯಿಂದಲೇ ಮಗುವಿಗೆ ವಿಷವನ್ನು ಕುಡಿಸಬೇಕಾದ ಕಾಲ ಅದು. ಹೀಗಿರಲು, ನ್ಯೂಜರ್ಸಿಯ ನ್ಯೂವಾರ್ಕ್ ನಗರದ ಹೆನ್ರಿ ಕಾಯ್ಟ್ ಎಂಬ ವೈದ್ಯನು 1893ರಲ್ಲಿ ಒಂದು ಏರ್ಪಾಟನ್ನು ಮಾಡಿದನು. ವೈದ್ಯರ ಮಂಡಲಿಯೊಂದು ಹಸುವಿನ ಆರೋಗ್ಯ, ಕೊಟ್ಟಿಗೆಯ ನಿರ್ಮಲತೆ, ಕರೆಯುವವನ ಕೈ, ಹಾಲಿನಲ್ಲಿರುವ ಸೂಕ್ಷ್ಮಜೀವಿಗಳ ಸಂಖ್ಯೆ, ಇವೆಲ್ಲವನ್ನೂ ಪರೀಕ್ಷಿಸಿ ಪ್ರಮಾಣಪತ್ರವನ್ನು ಕೊಡತಕ್ಕದ್ದು. ಅಂತಹ ಹಾಲಿಗೆ ಬೆಲೆ ಹೆಚ್ಚಾದರೂ ಭಯವಿಲ್ಲ.

ಮಿಲ್‌ವಿಲ್ಲಿನ ಮನೆತನದ ಜಾರ್ಜ್ ವುಡ್ ಎಂಬಾತನು ಈ ಮಾರ್ಗವನ್ನು ಹಿಡಿದನು. ಫಿಲಡೆಲ್ಫಿಯಾದಿಂದ ಪಶ್ಚಿಮದ ಕಡೆಗೆ 20 ಮೈಲಿಯಷ್ಟು ದೂರದಲ್ಲಿರುವ ವಾವಾ ಎಂಬ ಹಳ್ಳಿಯಲ್ಲಿ ಭೂಮಿಯನ್ನು ಕೊಂಡು, ಇಂಗ್ಲಿಷ್ ಕಡಲ್ಗಾಲುವೆಯ ಗರ್ನ್ಸಿ ದ್ವೀಪದ ತಳಿಯ ಹಸುಗಳನ್ನು ತರಿಸಿ, 1902ರಲ್ಲಿ ಹಾಲಿನ ಕಾರ್ಖಾನೆಯನ್ನು ತೆರೆದನು. ಗರ್ನ್ಸಿ ಹಸುವಿನ ಹಾಲು ಹೊಂಬಣ್ಣದ್ದು, ಕೆನೆ ದಪ್ಪ. ವೈದ್ಯರು ಒಪ್ಪಿದ ಈ ಹಾಲನ್ನು ಸೀಸೆಗಳಲ್ಲಿ ತುಂಬಿ, ಗಾಡಿಗಳಲ್ಲಿಟ್ಟು, ಮನೆಮನೆಯ ಬಾಗಿಲಿಗೆ ಕಳುಹಿಸುತ್ತಿದ್ದರು. ಸೀಸೆಯ ಲೆಕ್ಕದಲ್ಲಿ ಆರೋಗ್ಯವನ್ನೇ ಕೊಂಡುಕೊಳ್ಳಿರೆಂಬುದು ಅವರ ಜಾಹೀರಾತಿನ ತಾತ್ಪರ್ಯ.

ಇಲ್ಲಿ ಆ ಹಳ್ಳಿಯ ಹೆಸರನ್ನು ಕುರಿತು ಎರಡು ಮಾತು ಹೇಳದೆ ಮುಂದಕ್ಕೆ ಹೋಗಲು ನಮಗೆ ಮನಸ್ಸು ಬಾರದು. ‘ವಾವಾ’ ಎಂಬುದು ಅಮೆರಿಕದ ಮೂಲನಿವಾಸಿಗಳಲ್ಲಿ ಒಜಿಬ್ವೆ ಎಂಬ ಜನರ ಭಾಷೆಯ ಶಬ್ದ; ಕಾಡುಬಾತು ಎಂದು ಅರ್ಥ. 1855ರಲ್ಲಿ ಪ್ರಕಟವಾದ ಲಾಂಗ್‌ಫೆಲೋ ಕವಿಯ ‘ಹಿಯವಾಥ’ ಕಾವ್ಯದಿಂದ ಈ ಶಬ್ದ ಇಂಗ್ಲಿಷ್ ಓದುವವರಿಗೂ ಪರಿಚಿತವಾಯಿತು. ಅಂಗಡಿಯ ಲಾಂಛನವೂ ಹಾರುತ್ತಿರುವ ಹೆಬ್ಬಾತೇ. ನಮ್ಮ ‘ಹಂಸ’ ಶಬ್ದವಾದರೋ ಇಂಗ್ಲಿಷಿನ ‘ಗೂಸ್’, ಜರ್ಮನಿನ ‘ಗಾನ್ಸ್’ ಎಂಬುವಕ್ಕೆ ಒಡಹುಟ್ಟು ಎಂದು ಭಾಷಾಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ಚಿತ್ರಗಾರರು ಹಂಸವನ್ನು ಉದ್ದಕೊರಳಿನ ಬಿಳಿಯ ಪಕ್ಷಿಯಾಗಿ ಬರೆದರೂ, ಹಿಮಾಲಯವನ್ನು ದಾಟಿ ಚಳಿಗಾಲದಲ್ಲಿ ನಮ್ಮ ಗದಗ ಸೀಮೆಯ ಮಾಗಡಿ ಕೆರೆಗೆ ಬಂದಿಳಿಯುವ, ತಲೆಯ ಮೇಲೆ ಕಪ್ಪು ಗೀರುಗಳುಳ್ಳ ಹೆಬ್ಬಾತೇ ಪೂರ್ವಿಕರ ಹಂಸವೆಂದು ಹೇಳುವ ವಿದ್ವಾಂಸರಿದ್ದಾರೆ. ನೀರಿನಿಂದ ಹಾಲನ್ನು ಬೇರ್ಪಡಿಸುವ ಶಕ್ತಿಯನ್ನು ನಮ್ಮ ಹಿರಿಯರು ಹಂಸಕ್ಕೆ ಕಟ್ಟಿ ಹಂಸಕ್ಷೀರನ್ಯಾಯವೆಂದರು. ಆ ನ್ಯಾಯವನ್ನು ಎಂದೂ ಕೇಳದ ವರ್ತಕನೊಬ್ಬನು ಶುದ್ಧವಾದ ಹಾಲಿಗೆ ಹಂಸದ ಹೆಸರನ್ನು ಇಟ್ಟುದು ಕೇವಲ ಕಾಕತಾಳೀಯ. ಆದರೂ ಮೊದಲ ಸಲ ಇದನ್ನು ಓದಿದಾಗ ನಮಗಾದ ಸಂತೋಷವನ್ನು ಮರೆಮಾಚಲಾರೆವು.

ಅರವತ್ತು ವರ್ಷಗಳವರೆಗೆ ಹಾಲಿನ ಗಾಡಿಗಳಿಂದಲೇ ಈ ಸಂಸ್ಥೆ ಬದುಕಿತು. ಅನಂತರ ಕಷ್ಟಕಾಲ ಬಂದಿತು. ಮನೆಮನೆಯಲ್ಲಿಯೂ ತಂಪುಪೆಟ್ಟಿಗೆ ಬಂದ ಮೇಲೆ ಹಾಲನ್ನು ದಿನದಿನವೂ ತರಿಸುವ ಅಗತ್ಯ ಉಳಿಯಲಿಲ್ಲ. ಮೋಟಾರು ಬಂದ ಮೇಲೆ ದೊಡ್ಡ ಅಂಗಡಿಗೆ ಹೋಗಿ ವಾರದ ಸಾಮಾನಿನೊಂದಿಗೆ ಹಾಲನ್ನೂ ಅಗ್ಗವಾಗಿ ತರುವುದು ರೂಢಿಯಾಯಿತು. ಹಿಂದಿರುಗಿಸಬೇಕಾದ ಗಾಜಿನ ಸೀಸೆಯ ಸ್ಥಾನಕ್ಕೆ ಎಸೆಯುವ ಕಾಗದದ ಪೆಟ್ಟಿಗೆ ಬಂದಿತು. 1963ರಲ್ಲಿ ಆ ದೇಶದ ಗ್ರಾಹಕರು ಕೊಳ್ಳುತ್ತಿದ್ದ ಹಾಲಿನಲ್ಲಿ ನೂರಕ್ಕೆ ಸುಮಾರು 30 ಪಾಲು ಮನೆಬಾಗಿಲಿಗೆ ಬರುತ್ತಿದ್ದರೆ, 1975ರ ವೇಳೆಗೆ ಅದು 7 ಪಾಲಿಗೆ ಇಳಿದಿತ್ತು. ಹನ್ನೆರಡು ವರ್ಷಗಳಲ್ಲಿ ಒಂದು ವೃತ್ತಿಯೇ ಅಳಿದುಹೋಯಿತೆಂದರೆ ತಪ್ಪಲ್ಲ. ನಸುಕಿನಲ್ಲಿ ಬಾಗಿಲ ಬಳಿ ಸೀಸೆಗಳ ಸದ್ದನ್ನು ಕೇಳುತ್ತ ಏಳುತ್ತಿದ್ದ ಜನರಿಗೆ ಆ ಸದ್ದು ಯಾವ ದಿನ ನಿಂತಿತೆಂಬುದೂ ತಿಳಿದಿರಲಾರದು.

ಜಾರ್ಜ್ ವುಡ್ಡನ ಮೊಮ್ಮಗ ಗ್ರೆಹಾಮ್ ವುಡ್ ಎಂಬಾತನು ಈ ಅಪಾಯವನ್ನು ಕಂಡುಕೊಂಡನು. ಗ್ರಾಹಕನು ಹಾಲನ್ನು ಬಿಟ್ಟಿಲ್ಲ, ಗಾಡಿಯನ್ನು ಮಾತ್ರ ಬಿಟ್ಟಿದ್ದಾನೆ. ಹಾಲು ಅವನ ಬಾಗಿಲಿಗೆ ಹೋಗದಿದ್ದರೆ ಅವನೇ ಹಾಲಿನ ಬಾಗಿಲಿಗೆ ಬರುವಂತೆ ಮಾಡಬೇಕು. 1964ನೆಯ ಏಪ್ರಿಲ್ 16ರಂದು ಫಿಲಡೆಲ್ಫಿಯಾದ ಹೊರವಲಯದ ಫೋಲ್ಸಮ್ ಎಂಬ ಊರಿನಲ್ಲಿ, ಮ್ಯಾಕ್‌ಡೇಡ್ ಬೊಲವಾರ್ಡ್ ಎಂಬ ಬೀದಿಯಲ್ಲಿ, ಮೊದಲನೆಯ ‘ವಾವಾ ಫುಡ್ ಮಾರ್ಕೆಟ್’ ತೆರೆಯಿತು. ತಮ್ಮ ಕಾರ್ಖಾನೆಯ ಹಾಲನ್ನು ಮಾರುವುದಕ್ಕೆ ಒಂದು ಕಿಟಕಿಯಾಗಿ ಮಾತ್ರ ಅದು ಹುಟ್ಟಿತೆಂದರೂ ಸಲ್ಲುತ್ತದೆ.

ಈ ಉಪಾಯ ಹೊಳೆದುದು ಇವರೊಬ್ಬರಿಗೇ ಅಲ್ಲ. ಇಂತಹ ಅಂಗಡಿಗಳ ಮೂಲವನ್ನು ಟೆಕ್ಸಸ್ ಪ್ರಾಂತದ ಡಲ್ಲಾಸ್ ನಗರದಲ್ಲಿ ಹುಡುಕುವುದು ವಾಡಿಕೆ. ಅಲ್ಲಿ 1927ರಲ್ಲಿ ಮಂಜುಗಡ್ಡೆಯನ್ನು ಮಾರುತ್ತಿದ್ದ ಜೆಫರ್ಸನ್ ಗ್ರೀನ್ ಎಂಬಾತನು ಬೇರೆ ಅಂಗಡಿಗಳು ಮುಚ್ಚಿದ ಹೊತ್ತಿನಲ್ಲಿ ಹಾಲು, ರೊಟ್ಟಿ, ಮೊಟ್ಟೆಗಳನ್ನೂ ಇಟ್ಟು ಮಾರತೊಡಗಿದನು. ಬೆಳಗಿನ ಏಳರಿಂದ ರಾತ್ರಿ ಹನ್ನೊಂದರವರೆಗೆ ತೆರೆದಿರುತ್ತಿದ್ದುದರಿಂದ 1946ರಲ್ಲಿ ‘ಸೆವೆನ್-ಇಲೆವೆನ್’ ಎಂಬ ಹೆಸರನ್ನು ಪಡೆದ ಸಂಸ್ಥೆ ಅದೇ. ಪೆನ್ಸಿಲ್ವೇನಿಯದ ಇನ್ನೊಂದು ಭಾಗವಾದ ಆಲ್ಟೂನದಲ್ಲಿ ಬಾಬ್ ಶೀಟ್ಸ್ ಎಂಬಾತನು 1952ರಲ್ಲಿ ತನ್ನ ತಂದೆಯ ಹಾಲಿನಂಗಡಿಗಳಲ್ಲಿ ಒಂದನ್ನು ಕೊಂಡು ವ್ಯಾಪಾರಕ್ಕೆ ತೊಡಗಿದನು. 1973ರಲ್ಲಿಯೇ ಆ ಮನೆಯವರು ಪೆಟ್ರೋಲನ್ನೂ ಮಾರಿದರು. ಪೂರ್ವ ಪೆನ್ಸಿಲ್ವೇನಿಯದವರು ವಾವಾ ಉತ್ತಮವೆಂದೂ ಪಶ್ಚಿಮದವರು ಶೀಟ್ಸ್ ಉತ್ತಮವೆಂದೂ ಮಾಡುವ ವಾದವು ನಮ್ಮ ದ್ವೈತಾದ್ವೈತಗಳ ವಾದದಂತೆ ಮುಗಿಯುವ ಲಕ್ಷಣ ಕಾಣದು. ಆದರೆ ಎರಡರ ಬೇರೂ ಹಾಲಿನಲ್ಲಿಯೇ ಇದೆ.

ಅಂಗಡಿ ತೆರೆದ ಮೇಲೆ ಒಂದಕ್ಕೆ ಇನ್ನೊಂದು ಸೇರುತ್ತ ಬಂದಿತು. ಗ್ರಾಹಕನೇ ಬಗ್ಗಿಸಿಕೊಳ್ಳುವ ಬಿಸಿ ಕಾಫಿ ಬಂದಿತು. ಆ ಸೀಮೆಯಲ್ಲಿ ‘ಹೋಗಿ’ ಎಂದು ಕರೆಯುವ, ಉದ್ದನೆಯ ರೊಟ್ಟಿಯನ್ನು ಸೀಳಿ ಒಳಗೆ ಬೇಕಾದುದನ್ನು ತುಂಬಿದ ತಿಂಡಿ ಬಂದಿತು. ಇದನ್ನು ‘ಎದ್ದು ಹೋಗಿ’ ಎಂಬರ್ಥದಲ್ಲಿ ವಾಚಕರು ತಿಳಿಯಬಾರದು. 1992ರಲ್ಲಿ ಫಿಲಡೆಲ್ಫಿಯಾ ನಗರವು ಈ ತಿಂಡಿಯನ್ನು ತನ್ನದೆಂದು ಅಧಿಕೃತವಾಗಿ ಸಾರಿತು. ಕೇಳಿದಂತೆ ಮಾಡಿಕೊಡುವುದರಿಂದ ಮಾಂಸವನ್ನು ಬಿಟ್ಟು ತರಕಾರಿ ಚೀಸುಗಳನ್ನು ಮಾತ್ರ ಇಡಿಸಿಕೊಳ್ಳುವ ಸೌಕರ್ಯ ಉಂಟು. ಹಣ ತೆಗೆಯುವ ಎಟಿಎಂ ಯಂತ್ರಗಳಿಗೆ ಇತರರು ಶುಲ್ಕ ಹಾಕುತ್ತಿದ್ದಾಗ ಇಲ್ಲಿ ಶುಲ್ಕವಿಲ್ಲದೆ ಇಟ್ಟರು. ಹಣಕ್ಕಾಗಿ ಒಳಗೆ ಬಂದವನು ಕಾಫಿಯನ್ನು ಕುಡಿಯದೆ ಹೋಗುವನೇ?

1996ರಲ್ಲಿ ವಾವಾ ದೊಡ್ಡ ಅಂಗಳಗಳನ್ನು ಕೊಂಡು ಪೆಟ್ರೋಲು ಮಾರುವ ಮಾರ್ಗಕ್ಕೆ ಇಳಿಯಿತು. ಈ ವ್ಯಾಪಾರದ ಮರ್ಮವು ಹೊರಗಿನವರಿಗೆ ಬೇಗ ತಿಳಿಯದು. ಪೆಟ್ರೋಲಿನಲ್ಲಿ ಉಳಿಯುವ ಲಾಭ ಅಲ್ಪ. ಬೆಲೆಯನ್ನು ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುವಂತೆ ದೊಡ್ಡ ಅಂಕಿಗಳಲ್ಲಿ ಬರೆದಿಡಬೇಕಾದುದರಿಂದ ಪೈಪೋಟಿ ಬಲು ತೀವ್ರ. ಪೆಟ್ರೋಲು ಗಾಡಿಯನ್ನು ನಿಲ್ಲಿಸುತ್ತದೆ; ಲಾಭವನ್ನು ತರುವುದು ಒಳಗಿನ ಕಾಫಿಯೂ ತಿಂಡಿಯೂ. ನ್ಯೂಜರ್ಸಿಯಲ್ಲಿ ಗ್ರಾಹಕನು ತಾನೇ ಪೆಟ್ರೋಲನ್ನು ತುಂಬಿಕೊಳ್ಳಬಾರದೆಂದು 1949ರ ಕಾನೂನು ವಿಧಿಸಿದೆ. ಆದುದರಿಂದ ಅಲ್ಲಿಯ ವಾವಾಗಳಲ್ಲಿ ನಮ್ಮ ದೇಶದಂತೆಯೇ ಆಳು ಬಂದು ತುಂಬುತ್ತಾನೆ. ಇತರ ಸಂಸ್ಥಾನಗಳಿಂದ ಬಂದವರು ಇದನ್ನು ಕಂಡು ಬೆರಗಾಗುವುದುಂಟು.

ಪೆಟ್ರೋಲಿನ ಈ ನಿರ್ಣಯವು ಸಂಸ್ಥೆಯನ್ನು ಬೆಳೆಸಿತು. ಆದರೆ ಬೆಲೆಯನ್ನೂ ತೆಗೆದುಕೊಂಡಿತು. ಪಂಪುಗಳಿಗೆ ವಿಶಾಲವಾದ ನೆಲ ಬೇಕು. ಜನರು ನಡೆದು ಬರುತ್ತಿದ್ದ ಚಿಕ್ಕ ಅಂಗಡಿಗಳಲ್ಲಿ ಅದಿಲ್ಲ. ಹೀಗೆ ಹಳೆಯವು ಒಂದೊಂದಾಗಿ ಮುಚ್ಚಿ ಹೆದ್ದಾರಿಗಳ ಬದಿಯಲ್ಲಿ ಹೊಸವು ಎದ್ದುವು. ಫೋಲ್ಸಮ್ಮಿನ ಆ ಮೊದಲನೆಯ ಅಂಗಡಿಯೇ 2016ನೆಯ ಜೂನ್ ತಿಂಗಳಲ್ಲಿ, 52 ವರ್ಷಗಳ ಬಳಿಕ, ಮುಚ್ಚಿತು. ಅದಕ್ಕೆ ಬದಲಾಗಿ ಸಮೀಪದಲ್ಲಿ ಪೆಟ್ರೋಲು ಸಹಿತವಾದ ದೊಡ್ಡ ಮಳಿಗೆ ಬಂದಿತು. 2022ರಲ್ಲಿ ಫಿಲಡೆಲ್ಫಿಯಾದ ನಡುನಗರದ ಎರಡು ಅಂಗಡಿಗಳನ್ನು ಭದ್ರತೆಯ ಕಾರಣವನ್ನು ಹೇಳಿ ಮುಚ್ಚಿದರು. ಅತ್ತ 2012ರಲ್ಲಿ ಫ್ಲಾರಿಡಾಕ್ಕೆ ಕಾಲಿಟ್ಟು, 2024ರಲ್ಲಿ ಅಲಬಾಮ, ಉತ್ತರ ಕ್ಯಾರೊಲೈನಾಗಳನ್ನೂ ಸೇರಿ, ಅಂಗಡಿಗಳ ಸಂಖ್ಯೆ ಸಾವಿರವನ್ನು ಮೀರಿದೆ. ಗಾಡಿಯಿಲ್ಲದ ಮುದುಕಿಯೊಬ್ಬಳು ಕೈಚೀಲವನ್ನು ಹಿಡಿದು ನಡೆದು ಹೋಗುವಷ್ಟು ಹತ್ತಿರದಲ್ಲಿ ಅಂಗಡಿ ಇಲ್ಲವಾದರೆ ಅದನ್ನು ಅನುಕೂಲದ ಅಂಗಡಿ ಎನ್ನಬಹುದೇ ಎಂಬ ಸಂದೇಹ ನಮಗೆ ಇದೆ. ಲೆಕ್ಕಪತ್ರ ಬಲ್ಲವರು ಇದಕ್ಕೆ ನಗುವರು, ನಗಲಿ.

ಇನ್ನೊಂದು ವಿಷಯವನ್ನು ಹೇಳಲೇಬೇಕು. ವಾವಾದ ಷೇರುಗಳು ಪೇಟೆಯಲ್ಲಿ ದೊರೆಯುವುದಿಲ್ಲ. ವುಡ್ ಮನೆತನದವರ ಜೊತೆಗೆ ಅಲ್ಲಿ ಕೆಲಸ ಮಾಡುವವರೇ ಪಾಲುದಾರರು. 1992ರಲ್ಲಿ ಏರ್ಪಟ್ಟ ನೌಕರರ ಷೇರು ನಿಧಿಯ ಮೂಲಕ ನೂರಕ್ಕೆ 40ರಷ್ಟು ಪಾಲು ಅವರಿಗೆ ಸೇರಿತು. ಕಾಫಿಯ ಪಾತ್ರೆಯನ್ನು ತೊಳೆಯುವವನಿಗೂ ಸಂಸ್ಥೆಯ ಬೆಳವಣಿಗೆಯಲ್ಲಿ ಭಾಗ ಸಿಕ್ಕುವುದೆಂದರೆ ಸಾಮಾನ್ಯವಲ್ಲ. ಹಲವು ವರ್ಷ ಅಲ್ಲಿ ದುಡಿದವರ ನಿವೃತ್ತಿಯ ನೆಮ್ಮದಿ ಇದರಲ್ಲಿಯೇ ಇತ್ತು. ಇಂಥಲ್ಲಿಯೂ ಜಗಳ ಬಾರದಿರಲಿಲ್ಲ. 2015ರಲ್ಲಿ ನಿಯಮವನ್ನು ಬದಲಾಯಿಸಿ, ಕೆಲಸ ಬಿಟ್ಟವರು ಷೇರುಗಳನ್ನು ಇಟ್ಟುಕೊಳ್ಳದೆ ಮಾರಿಬಿಡಬೇಕೆಂದು ವಿಧಿಸಿದಾಗ, ಬೆಲೆ ಇನ್ನೂ ಏರುವುದೆಂದು ನಂಬಿದ್ದ ಹಳೆಯ ನೌಕರರು ನ್ಯಾಯಾಲಯಕ್ಕೆ ಹೋದರು. 2018ರಲ್ಲಿ 25 ದಶಲಕ್ಷ ಡಾಲರುಗಳಿಗೆ ಆ ವ್ಯಾಜ್ಯ ರಾಜಿಯಾಯಿತು. ಪಾಲು ಕೊಟ್ಟುದು ಔದಾರ್ಯವಾದರೆ, ಕೊಟ್ಟ ಪಾಲನ್ನು ಯಾವಾಗ ಹಿಂದಕ್ಕೆ ಕೊಳ್ಳಬಹುದೆಂಬುದನ್ನು ಕೊಡುವಾಗಲೇ ಗಟ್ಟಿಮಾಡಿಕೊಳ್ಳುವುದು ಲೇಸಾಗಿತ್ತೆಂದು ನಮಗೆ ತೋರುತ್ತದೆ.

ವಾವಾ ಹಳ್ಳಿಗೆ ಪ್ರಯಾಣಿಕರ ರೈಲು 1986ರಲ್ಲಿ ನಿಂತುಹೋಗಿತ್ತು. ಮೋಟಾರುಗಳ ಕಾಲದಲ್ಲಿ ರೈಲು ಯಾರಿಗೆ ಬೇಕೆಂದು ಎಲ್ಲರೂ ಭಾವಿಸಿದ್ದರು. 36 ವರ್ಷಗಳ ಮೇಲೆ, 2022ನೆಯ ಆಗಸ್ಟಿನಲ್ಲಿ, ಹಳಿಗಳನ್ನು ಹೊಸದಾಗಿ ಹಾಕಿ, ಹೊಸ ನಿಲ್ದಾಣವನ್ನು ಕಟ್ಟಿ, ಫಿಲಡೆಲ್ಫಿಯಾದಿಂದ ಮತ್ತೆ ರೈಲನ್ನು ಓಡಿಸಿದರು. ನಿಲ್ದಾಣದ ಹಲಗೆಯ ಮೇಲೆ ‘ವಾವಾ’ ಎಂದಿದೆ. ಅದು ಅಂಗಡಿಯ ಹೆಸರೆಂದು ತಿಳಿಯುವವರೇ ಈಗ ಹೆಚ್ಚು. ಊರಿನದೆಂದು ಬಲ್ಲವರು ಸ್ವಲ್ಪ ಮಂದಿ. ಹಕ್ಕಿಯದೆಂದು ಬಲ್ಲವರು ಇನ್ನೂ ಸ್ವಲ್ಪ.