ಓಟದ ಶೂ: ನಂಬರ್ ನೋಡಿ ಅಲ್ಲ, ಪಾದ ನೋಡಿ ಕೊಳ್ಳಿ

ಘಾಟ್ಕೋಪರ್‌ನಂಥ ಕಡೆ ಬೆಳಗಿನ ಓಟ ಹೆಚ್ಚಾಗಿ ಡಾಂಬರು, ಕಾಂಕ್ರೀಟ್ ರಸ್ತೆಯ ಮೇಲೆಯೇ. ಹೊಂದದ ಶೂ ಹಾಕಿ ಓಡಿದರೆ ಬೊಬ್ಬೆ, ಉಗುರು ನೋವು ಬರಬಹುದು. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಗ್ಗಿದವರಿಗೆ ಶೂ ಕಚ್ಚಿದ್ದೇ ತಿಳಿಯುವುದಿಲ್ಲ; ಸಣ್ಣ ಗಾಯವೂ ಹುಣ್ಣಾಗಬಹುದು.

ಕೊಳ್ಳುವಾಗ ಏನು ನೋಡಬೇಕು?

• ಸಂಜೆ ಕೊಳ್ಳಿ. ದಿನವಿಡೀ ಓಡಾಡಿದ ಪಾದ ತುಸು ಊದಿರುತ್ತದೆ.
• ನಿಂತುಕೊಂಡು ಎರಡೂ ಪಾದ ಅಳೆಸಿ, ದೊಡ್ಡ ಪಾದಕ್ಕೆ ಹೊಂದುವ ಶೂ ಆರಿಸಿ. ಒಂದೇ ನಂಬರಿನ ಅಳತೆ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ.
• ಓಡುವಾಗ ಹಾಕುವ ಕಾಲುಚೀಲವನ್ನೇ ಧರಿಸಿ ನೋಡಿ. ಉದ್ದದ ಬೆರಳಿನ ಮುಂದೆ ಸುಮಾರು 1 ಸೆಂ.ಮೀ. ಜಾಗವಿರಲಿ, ಹಿಮ್ಮಡಿ ಜಾರಬಾರದು.
• ಅಂಗಡಿಯಲ್ಲೇ ನಡೆದು, ನಿಧಾನವಾಗಿ ಓಡಿ ನೋಡಿ. ‘ಹಾಕುತ್ತಾ ಸಡಿಲವಾಗುತ್ತದೆ’ ಎಂದರೆ ಒಪ್ಪಬೇಡಿ.

ಸ್ಪರ್ಶಜ್ಞಾನ ಕಡಿಮೆ ಇದ್ದರೆ?

ಓಟ ಶುರುಮಾಡುವ ಮುನ್ನ ವೈದ್ಯರನ್ನು ಕೇಳಿ. ಆರಾಮವೆನಿಸಿತೆಂದು ಶೂ ಕೊಳ್ಳಬೇಡಿ. ಮನೆಯವರು ರೋಗಿಯನ್ನು ಕಾಗದದ ಮೇಲೆ ನಿಲ್ಲಿಸಿ, ಪಾದದ ಸುತ್ತ ಗೆರೆ ಎಳೆದು ಕತ್ತರಿಸಿಕೊಳ್ಳಲಿ. ಅದನ್ನು ಶೂ ಒಳಗಿನ ಮೆತ್ತೆಯ ಮೇಲಿಟ್ಟಾಗ ಅಂಚು ಹೊರಚಾಚಿದರೆ ಆ ಶೂ ಬಿಗಿ. ಹೊಸ ಶೂವನ್ನು ಮೊದಲು ಮನೆಯಲ್ಲೇ ಸ್ವಲ್ಪ ಹೊತ್ತು ಹಾಕಿ, ತೆಗೆದ ಮೇಲೆ ಪಾದ ನೋಡಿ. ಹಾಕುವ ಮುನ್ನ ಪ್ರತಿ ಸಲವೂ ಒಳಗೆ ಕೈಯಾಡಿಸಿ, ಕಲ್ಲಿರಬಹುದು.

ಮುಂಬೈ ಮಳೆಯಲ್ಲಿ ನೆನೆದ ಶೂಗೆ ಹಳೆಯ ಪತ್ರಿಕೆ ತುರುಕಿ, ನೆರಳಿನಲ್ಲಿ ಒಣಗಿಸಿ. ಸಾಮಾನ್ಯವಾಗಿ 500–800 ಕಿ.ಮೀ. ಓಡಿದ ಮೇಲೆ ಶೂ ಬದಲಿಸಿ.

ಮಧುಮೇಹಿಗಳ ಪಾದದಲ್ಲಿ ಬೊಬ್ಬೆ, ಗಾಯ ಅಥವಾ ಮಾಸದ ಕೆಂಪು ಕಂಡರೆ ಓಟ ನಿಲ್ಲಿಸಿ. ಬೊಬ್ಬೆ ಒಡೆಯಬೇಡಿ, ತಡಮಾಡದೆ ವೈದ್ಯರಿಗೆ ತೋರಿಸಿ.