ಉತಾರದಾಗ ಅಜ್ಜ ಇನ್ನೂ ಇದ್ದ

ಹೋದ ವರ್ಷ ಮಳೆ ಹೆಚ್ಚಾಗಿ ನವಲಗುಂದ ತಾಲ್ಲೂಕಿನ ನಮ್ಮ ಎರೆ ಹೊಲದಲ್ಲಿ ಹೆಸರು ಕೊಳೆತುಹೋಯಿತು. ಬಾಜೂ ಹೊಲದವರಿಗೆ ಪರಿಹಾರದ ದುಡ್ಡು ಬಂತು, ನಮಗೆ ಬರಲಿಲ್ಲ. ಉತಾರದಲ್ಲಿ ಇನ್ನೂ ಅಜ್ಜನ ಹೆಸರೇ ಇತ್ತು. ಅಜ್ಜ ತೀರಿಕೊಂಡದ್ದು 2012ರಲ್ಲಿ. ಸತ್ತವರ ಖಾತೆಗೆ ಪರಿಹಾರ ಹೇಗೆ ಬಂದೀತು?

“ಕಂಪ್ಯೂಟರ್ ಓದಾಕತ್ತೀಯಲ್ಲ, ವಾರಸಾ ನೀನ ಮಾಡಿಸು” ಎಂದರು ಅಪ್ಪ. ಬಿಇಯಲ್ಲಿ ಡೇಟಾಬೇಸ್ ಓದುತ್ತಿರುವ ನಾನು, ಒಂದು ಹೆಸರು ತೆಗೆದು ಇನ್ನೊಂದು ಹಾಕಿದರೆ ಮುಗಿಯಿತು ಎಂದುಕೊಂಡಿದ್ದೆ.

ಮೊದಲು ಅಜ್ಜನ ಟ್ರಂಕು ತೆಗೆದೆವು. ರಾಜನ ತಲೆಯ ಛಾಪಾ ಕಾಗದ, ಮನೆಯಲ್ಲಿ ಯಾರಿಗೂ ಓದಲು ಬಾರದ ಮೋಡಿ ಲಿಪಿಯ ಪತ್ರ, ಅಜ್ಜ ತನ್ನ ತಮ್ಮನೊಂದಿಗೆ ಮಾಡಿಕೊಂಡ ವಾಟ್ನಿ ಪತ್ರ. ಧಾರವಾಡ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. ಹಕ್ಕುದಾಖಲೆಯ ಕಾಯ್ದೆ ಅಲ್ಲಿ ಬಂದದ್ದು 1903ರಲ್ಲಿ. ಪಹಣಿಗೆ ನಾವು ‘ಉತಾರ’ ಎನ್ನುವುದೂ ಮರಾಠಿಯ ಮಾತೇ. ನಮ್ಮನ್ನು ಆಳಿದವರ ಇಂಗ್ಲೆಂಡಿನಲ್ಲಿ, ಉಯಿಲು ಬರೆಯದೆ ಸತ್ತವನ ಜಮೀನು 1925ರ ಕಾಯ್ದೆ ಬರುವವರೆಗೂ ಹಿರಿಯ ಮಗನೊಬ್ಬನಿಗೇ ಹೋಗುತ್ತಿತ್ತಂತೆ. ನಮ್ಮಲ್ಲಿ ಗಂಡುಮಕ್ಕಳಿಗೆಲ್ಲ ಪಾಲು. ಹೆಣ್ಣುಮಕ್ಕಳ ಮಾತು ಬಂದಾಗಲೇ ತೊಡಕು.

ವಂಶವೃಕ್ಷ ಬರೆಯಲು ಕೂತಾಗ ಅಪ್ಪ, “ನಾನು, ನಿಮ್ಮ ಕಾಕಾ. ಎರಡ ಹೆಸರು ಸಾಕು” ಎಂದರು. ಅತ್ತಿಯರಿಬ್ಬರು? “ಅವರಿಗೆ ಮದುವ್ಯಾಗ ಬಂಗಾರ ಹಾಕೇವಿ.”

ಕರ್ನಾಟಕದ ತಿದ್ದುಪಡಿ 1994ರಲ್ಲಿ ಜಾರಿಯಾದಾಗ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಬಂತು, ಆದರೆ ಅದಕ್ಕೂ ಮೊದಲೇ ಮದುವೆಯಾದವರಿಗಿಲ್ಲ. ದೊಡ್ಡತ್ತಿಯ ಮದುವೆ 1992ರಲ್ಲಿ ಆಗಿತ್ತು. 2005ರ ಕೇಂದ್ರದ ತಿದ್ದುಪಡಿಯಲ್ಲಿ ಮದುವೆಯ ಷರತ್ತೇ ಇಲ್ಲ. ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿದೆ. ಊರಲ್ಲಿ ಎಷ್ಟೋ ಮಂದಿ ಗಂಡುಮಕ್ಕಳ ಹೆಸರಷ್ಟೇ ಬರೆಸುತ್ತಾರೆ, ನಿಜ. ಆದರೆ ಇಲ್ಲಿ ಬರೆಯುವ ಕೈ ನನ್ನದು.

ನಾಲ್ಕು ಹೆಸರು ಬರೆದೆ. ಅಪ್ಪ ನಾಲ್ಕು ದಿನ ಮಾತಾಡಲಿಲ್ಲ. ಅವರದು ದುರಾಸೆ ಎನ್ನಲಾರೆ. ಆರು ಎಕರೆ ನಾಲ್ಕು ಪಾಲಾದರೆ ತಲಾ ಒಂದು ಎಕರೆ ಇಪ್ಪತ್ತು ಗುಂಟೆ. ನನ್ನ ಕಾಲೇಜಿನ ಫೀ ಹುಟ್ಟುವುದೂ ಅದೇ ಹೊಲದಲ್ಲಿ.

ಎಳ್ಳಮಾಸಿಗೆ ಅತ್ತಿಯರು ಬಂದರು. ಚರಗ ಚೆಲ್ಲಿ ಹೊಲದಲ್ಲಿ ಊಟಕ್ಕೆ ಕೂತಾಗ ನಾನೇ ವಿಷಯ ತೆಗೆದೆ. ಸಣ್ಣತ್ತಿ ತನಗೇನೂ ಬೇಡ ಎಂದಳು. ದೊಡ್ಡತ್ತಿ ಸಜ್ಜಿ ರೊಟ್ಟಿ ಮುರಿಯುತ್ತ, “ನನಗ ಹೊಲ ಬ್ಯಾಡ ತಮ್ಮಾ. ಉತಾರದಾಗ ಹೆಸರಿರ್ಲಿ” ಎಂದಳು.

“ಹೆಸರಿದ್ರ ಹೊಲ ಇದ್ದಂಗ” ಎಂದರು ಅಪ್ಪ.

“ಹೌದು” ಎಂದಳು ಅತ್ತಿ.

ಆಮೇಲೆ ಎಲ್ಲರೂ ಸುಮ್ಮನೆ ಉಂಡೆವು.

ಕಂದಾಯ ಕಾಯ್ದೆಯ ಪ್ರಕಾರ ಮೂರು ತಿಂಗಳಲ್ಲಿ ತಿಳಿಸಬೇಕಾದ್ದನ್ನು ನಾವು ಹನ್ನೆರಡು ವರ್ಷ ದಾಟಿದ ಮೇಲೆ ತಿಳಿಸಿದೆವು. ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ಅರ್ಜಿ ಕೊಟ್ಟದ್ದಾಯಿತು. ನೋಟಿಸ್ ಹಚ್ಚಿದರು, ಯಾರದೂ ತಕರಾರು ಬರಲಿಲ್ಲ, ಜಂಟಿ ಖಾತೆಯಾಯಿತು. ಗೆಳೆಯರು ಗಮನಿಸಬೇಕು: ಪೌತಿ ಖಾತೆ ಆದ ಮಾತ್ರಕ್ಕೆ ಹೊಲ ಹರಿದು ಹಂಚಿಹೋಗುವುದಿಲ್ಲ. ಪಾಲು ಬೇರೆ ಮಾಡಲು 11ಇ ನಕ್ಷೆ, ವಿಭಾಗ ಪತ್ರ ಬೇಕು. ಹಕ್ಕು ಬಿಡುವುದಿದ್ದರೂ ಬಾಯಿಮಾತು ಸಾಲದು, ನೋಂದಣಿ ಆಗಬೇಕು. ಹಾಗಾಗಿ ಸಣ್ಣತ್ತಿಯ ಹೆಸರೂ ಸದ್ಯ ಉತಾರದಲ್ಲಿದೆ.

ಹೊಸ ಉತಾರವನ್ನು ಅಪ್ಪ ಎರಡು ಸಲ ಓದಿದರು. “ಮೂರು ಝೆರಾಕ್ಸ್ ತಗಿಸ್ಕೊಂಡ ಬಾ” ಎಂದರು. ಒಂದು ಕಾಕಾನಿಗೆ, ಎರಡು ಅತ್ತಿಯರಿಗೆ.